ಹಳೆ ಮಾರುತಿ 800 ಅನ್ನು ಘಾಟಿ ರಸ್ತೆಗೆ ನೀವೇ ಕಟ್ಟಿಕೊಳ್ಳುವುದು ಹೇಗೆ: ಬಿಚ್ಚುವ ಮೊದಲು ಓದಿ

ತಿಂಗಳಿಗೆ ಒಂದಾದರೂ ಫೋಟೊ ನನ್ನ ಫೋನಿಗೆ ಬರುತ್ತದೆ. ಶೆಡ್ಡಿನಲ್ಲಿ ಒಂದು 800 ನಿಂತಿರುತ್ತದೆ. ನಾಲ್ಕೂ ಕಡೆ ಕಲ್ಲು ಕೊಟ್ಟಿರುತ್ತಾರೆ. ಎಂಜಿನ್ ಮೂಲೆಯಲ್ಲಿ ಗೋಣಿಚೀಲದ ಮೇಲೆ, ಸೀಟು ಅಟ್ಟದ ಮೇಲೆ, ಬೋಲ್ಟು ನಟ್ಟೆಲ್ಲ ಒಂದೇ ಬಕೆಟ್‌ನಲ್ಲಿ. ಜೊತೆಗೆ ಒಂದೇ ಪ್ರಶ್ನೆ: "ಮುಂದೇನು ಮಾಡ್ಲಿ ಅಣ್ಣಾ?"

ಇವರಲ್ಲಿ ಯಾರಿಗೂ ಕೈಕೆಲಸ ಬರುವುದಿಲ್ಲ ಅಂತ ಅಲ್ಲ. ಸ್ಪ್ಯಾನರ್ ಹಿಡಿಯೋಕೆ ಚೆನ್ನಾಗಿ ಬರುತ್ತದೆ. ತಪ್ಪಿರುವುದು ಕೆಲಸದ ಸರದಿ. ಮೊದಲು ಪೂರ್ತಿ ಬಿಚ್ಚುತ್ತಾರೆ, ಆಮೇಲೆ ಏನು ಮಾಡೋದು ಅಂತ ಯೋಚಿಸುತ್ತಾರೆ. ಅಥವಾ ಮೊದಲು ಅಗಲದ ಅಲಾಯ್ ಚಕ್ರ, ಸೈಲೆನ್ಸರ್ ತಂದು ಹಾಕಿ, ದುಡ್ಡು ಖಾಲಿಯಾದ ಮೇಲೆ ನೆಲದಲ್ಲಿ ತೂತಿದೆ ಅಂತ ಕಂಡುಹಿಡಿಯುತ್ತಾರೆ.

ನಾನೂ ಮೊದಲ ಕಾರನ್ನು ಹೀಗೇ ಕಳೆದುಕೊಂಡೆ. ಎರಡು ಮಳೆಗಾಲ ಬಿಚ್ಚಿದ ಸ್ಥಿತಿಯಲ್ಲೇ ನಿಂತು, ಕೊನೆಗೆ ಗುಜರಿಗೆ ಹೋಯಿತು. ಎರಡನೆಯದನ್ನು ಕೆಳಗೆ ಬರೆದ ಸರದಿಯಲ್ಲಿ ಮಾಡಿದೆ. ಅದು ಇವತ್ತಿಗೂ ಓಡುತ್ತಿದೆ.

ಊರೆಲ್ಲ ದೊಡ್ಡ ಜೀಪಿನಂಥ ಗಾಡಿಗಳ ಹಿಂದೆ ಬಿದ್ದಿರುವಾಗ 800 ಯಾಕೆ ಅಂತ ಕೇಳಬಹುದು. ಸುಮಾರು 650 ಕೆಜಿ ತೂಕ, ಮುಂದಿನ ಚಕ್ರಕ್ಕೆ ಎಳೆತ, ಕೈಗೆ ಸಿಗುವ ಸರಳ ಎಂಜಿನ್, ಯಾವ ಪೇಟೆಗೆ ಹೋದರೂ ಬಿಡಿಭಾಗ. ಕೆಸರಿನಲ್ಲಿ ಸಿಕ್ಕಿಕೊಂಡರೆ ಮೂರು ಜನ ತಳ್ಳಿ ಎತ್ತಬಹುದು. ನನಗೆ ಇಷ್ಟು ಸಾಕು.

1. ಈ ಕಾರು ಏನು ಮಾಡಬೇಕು ಅಂತ ಒಂದು ಸಾಲಲ್ಲಿ ಬರೆಯಿರಿ

ನನ್ನ ಸಾಲು ಇದು: "ಮಳೆಗಾಲದಲ್ಲೂ ಇಬ್ಬರು, ಎರಡು ಚೀಲ ಕಾಳುಮೆಣಸು ಹಾಕಿಕೊಂಡು, ತೋಟದ ಮಣ್ಣುರಸ್ತೆಯಿಂದ ಘಾಟಿ ಇಳಿದು ಪೇಟೆಗೆ ಹೋಗಿ, ರಾತ್ರಿ ವಾಪಸ್ ಬರಬೇಕು."

ಇದನ್ನು ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಮಳೆಗಾಲ ಅಂದರೆ ತುಕ್ಕು ಮತ್ತು ವೈಪರ್. ಎರಡು ಚೀಲ ಅಂದರೆ ಹಿಂದಿನ ಸ್ಪ್ರಿಂಗ್. ಮಣ್ಣುರಸ್ತೆ ಅಂದರೆ ಟೈರು ಮತ್ತು ಎಂಜಿನ್ ಕೆಳಗಿನ ತಗಡು. ಘಾಟಿ ಅಂದರೆ ಬ್ರೇಕು. ರಾತ್ರಿ ಅಂದರೆ ಹೆಡ್‌ಲೈಟು. ಆ ಸಾಲಿನಲ್ಲಿ ಇಲ್ಲದ ಯಾವುದಕ್ಕೂ ದುಡ್ಡು ಹಾಕಲಿಲ್ಲ. ನಿಮ್ಮ ಸಾಲು ಬೇರೆ ಇರಬಹುದು, ಇರಲಿ. ಆದರೆ ಬರೆಯದೆ ಶುರು ಮಾಡಬೇಡಿ, ಯಾಕಂದ್ರೆ ಅಂಗಡಿಯಲ್ಲಿ ಹೊಳೆಯುವ ಸಾಮಾನು ಕಂಡಾಗ ನಿಮ್ಮನ್ನು ತಡೆಯುವುದು ಇದೊಂದೇ.

2. ಕಾರು ಆರಿಸುವಾಗ: ಬಣ್ಣ ಬಿಡಿ, ನೆಲ ನೋಡಿ

ಎಂಜಿನ್ ಕೆಟ್ಟಿದ್ದರೆ ಇನ್ನೊಂದು ಸಿಗುತ್ತದೆ. ಬಾಡಿ ಹೋಗಿದ್ದರೆ ಮುಗಿಯಿತು, ಯಾಕಂದ್ರೆ ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ತಗಡಿನ ಬಾಡಿಯೇ ಎಲುಬು.

ನೋಡಬೇಕಾದ ಜಾಗಗಳು: ಚಾಲಕನ ಕಾಲ ಕೆಳಗಿನ ನೆಲ (ಕಾರ್ಪೆಟ್ ಎತ್ತಲೇಬೇಕು), ಬಾಗಿಲ ಕೆಳಗಿನ ಉದ್ದನೆಯ ರನ್ನಿಂಗ್ ಬೋರ್ಡ್, ಬ್ಯಾಟರಿ ಕೂರುವ ತಟ್ಟೆ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್‌ನ ತಲೆ ಕೂರುವ ಜಾಗ, ಹಿಂದಿನ ಚಕ್ರದ ಕಮಾನು, ಸ್ಟೆಪ್ನಿ ಇಡುವ ಗುಂಡಿ. ಜೇಬಲ್ಲಿ ಒಂದು ಹಳೆ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇರಲಿ. ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ಇದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಬಿಸ್ಕತ್ತಿನ ಹಾಗೆ ಕರಕರ ಅಂದರೆ ಅಲ್ಲಿ ಲೋಹ ಉಳಿದಿಲ್ಲ.

ಇನ್ನೊಂದು ಪರೀಕ್ಷೆ ಯಾರೂ ಮಾಡುವುದಿಲ್ಲ. ಒಂದು ಬದಿ ಜಾಕಿ ಕೊಟ್ಟು ಎತ್ತಿ, ಆ ಬದಿಯ ಬಾಗಿಲು ತೆಗೆದು ಹಾಕಿ ನೋಡಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಸಿಕ್ಕಿಕೊಂಡರೆ ಬಾಡಿ ಬಗ್ಗುತ್ತಿದೆ, ರನ್ನಿಂಗ್ ಬೋರ್ಡ್ ಒಳಗಿಂದ ತಿಂದುಹೋಗಿದೆ. ಅಂಥ ಕಾರನ್ನು ಬಿಟ್ಟು ಬನ್ನಿ, ಎಷ್ಟೇ ಕಡಿಮೆಗೆ ಕೊಟ್ಟರೂ. ಕರಾವಳಿಯಲ್ಲಿ ಓಡಿದ ಕಾರಾದರೆ ಇದನ್ನು ಎರಡು ಸಲ ನೋಡಿ.

ಕಾರ್ಬೊರೇಟರ್ ಮಾಡೆಲ್ಲೋ ಎಂಪಿಎಫ್‌ಐ ಮಾಡೆಲ್ಲೋ? ನನ್ನ ಮಾತು ಕೇಳುವುದಾದರೆ 2000ದ ಆಚೆಯ ಎಂಪಿಎಫ್‌ಐ, ಅಂದರೆ ಕಾರ್ಬೊರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ಬೆಳಗಿನ ಚಳಿಗೆ ಚೋಕ್ ಎಳೆಯುವ ಕೆಲಸ ಇಲ್ಲ, ಹೊಗೆ ಪರೀಕ್ಷೆಯೂ ಸಲೀಸು. ಆದರೆ ವೈರಿಂಗ್ ಕೆತ್ತಿ ಹಾಳು ಮಾಡಿರಬಾರದು. ಸ್ಟೀರಿಂಗ್ ಕೆಳಗೆ ಟೇಪು ಸುತ್ತಿದ ವೈರಿನ ಗಂಟುಗಳು ನೇತಾಡುತ್ತಿದ್ದರೆ ಬೇಡ.

3. ಆರ್‌ಟಿಒ ಗೆರೆ ಎಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. 2019ರ ತಿದ್ದುಪಡಿಯ ನಂತರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ.

ಅಂದರೆ ಏನು? ಚಾವಣಿ ಕತ್ತರಿಸುವುದು, ಬಾಡಿ ಉದ್ದ ಅಗಲ ಬದಲಿಸುವುದು, ಬೇರೆ ಗಾಡಿಯ ದೊಡ್ಡ ಎಂಜಿನ್ ಕೂರಿಸುವುದು, ಇವು ರಸ್ತೆ ಕಾರಿಗೆ ಬೇಡ. ಎಂಜಿನ್ ಪೂರ್ತಿ ಹೋಗಿದ್ದು ಅದೇ ಮಾದರಿಯ ಇನ್ನೊಂದು ಹಾಕಬೇಕಾದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಕೆಲಸ, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಬೇಡಿ, ಅದನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಬೇಡ ಅಂದಿದೆ. ಗಾಜಿಗೆ ಕಪ್ಪು ಫಿಲ್ಮ್ 2012ರಿಂದ ಇಲ್ಲ.

ಕೊನೆಯ 800ಗಳು ಕಾರ್ಖಾನೆಯಿಂದ ಹೊರಬಂದಿದ್ದು 2014ರಲ್ಲಿ. ಹಾಗಾಗಿ ನಿಮಗೆ ಸಿಗುವ ಹೆಚ್ಚಿನ ಕಾರುಗಳಿಗೆ 15 ವರ್ಷ ಮುಗಿದಿರುತ್ತದೆ, ಇಲ್ಲವೇ ಹತ್ತಿರ ಬಂದಿರುತ್ತದೆ. ನೋಂದಣಿ ನವೀಕರಿಸಿದರೆ ಮತ್ತೆ ಐದು ವರ್ಷ. ಆ ತಪಾಸಣೆಗೆ ಚಾಸಿಸ್ ನಂಬರ್ ಸ್ಪಷ್ಟವಾಗಿ ಓದಲು ಬರಬೇಕು. ನಂಬರ್ ಕೆತ್ತಿರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ದಪ್ಪ ಬಣ್ಣ ಬಳಿಯಬೇಡಿ. ಟಿಂಕರಿಂಗ್‌ಗೆ ಕೊಡುವ ಮೊದಲೇ ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿ.

4. ಜಾಗ ಮತ್ತು ಸಾಮಾನು

ಸಮತಟ್ಟಾದ ಸಿಮೆಂಟ್ ನೆಲ, ಮೇಲೆ ಸೂರು, ಒಳ್ಳೆ ಬೆಳಕು. ಮಣ್ಣಿನ ಅಂಗಳದಲ್ಲಿ ಕಾರಿನ ಕೆಳಗೆ ಹೋಗಬೇಡಿ, ಜಾಕಿ ಕುಸಿಯುತ್ತದೆ. ಕಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವುದೂ ಬೇಡ. ಬ್ಲಾಕ್ ಬಿರುಕು ಬಿಡುವ ಮುಂಚೆ ಸದ್ದು ಕೂಡ ಮಾಡುವುದಿಲ್ಲ. ಎರಡು ಜೊತೆ ಜಾಕಿ ಸ್ಟ್ಯಾಂಡ್ ಕೊಳ್ಳಿ. ಈ ಪಟ್ಟಿಯಲ್ಲಿ ಮೊದಲು ಕೊಳ್ಳಬೇಕಾದ್ದು ಅದೇ.

ಸ್ಪ್ಯಾನರ್‌ನಲ್ಲಿ 10, 12, 14, 17, 19 ಇದ್ದರೆ ಈ ಕಾರಿನ ಬಹುಪಾಲು ಬಿಚ್ಚಬಹುದು. ರಿಂಗ್ ಮತ್ತು ಸಾಕೆಟ್ ಎರಡೂ ಇರಲಿ. ಓಪನ್ ಸ್ಪ್ಯಾನರ್‌ನಲ್ಲಿ ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ಹೋದರೆ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಅರ್ಧ ದಿನ ಹೋಯಿತು. ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್, ಮಲ್ಟಿಮೀಟರ್, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಬೆಂಕಿ ನಂದಿಸುವ ಸಿಲಿಂಡರ್. ವೆಲ್ಡಿಂಗ್ ಮಿಷನ್ ಕೊಳ್ಳಬೇಡಿ, ಆ ಕೆಲಸಕ್ಕೆ ಜನ ಕರೆಸಿ.

ಮತ್ತೆ ಬೇಕಾದ್ದು ಜಿಪ್ ಕವರುಗಳು ಮತ್ತು ಮಾರ್ಕರ್ ಪೆನ್. ಬಿಚ್ಚಿದ ಪ್ರತಿಯೊಂದು ಭಾಗದ ಬೋಲ್ಟೂ ಬೇರೆ ಬೇರೆ ಕವರಿಗೆ. ಮೇಲೆ ಹೆಸರು, ಎಡವೋ ಬಲವೋ, ತಾರೀಖು. ಬಿಚ್ಚುವ ಮುಂಚೆ ಒಂದು ಫೋಟೊ, ಅರ್ಧ ಬಿಚ್ಚಿದಾಗ ಇನ್ನೊಂದು. ನನ್ನ ಮೊದಲ ಕಾರು ನಿಂತುಹೋದದ್ದಕ್ಕೆ ಅರ್ಧ ಕಾರಣ ಆ ಒಂದೇ ಬಕೆಟ್.

5. ಬಿಚ್ಚಬೇಡಿ, ಓಡಿಸಿ

ಕಾರು ಮನೆಗೆ ಬಂದ ಕೂಡಲೇ ಕೈ ತುರಿಸುತ್ತದೆ. ತಡೆದುಕೊಳ್ಳಿ. ಬ್ರೇಕ್ ಹಿಡಿಯುತ್ತದೆ, ಸ್ಟೀರಿಂಗ್ ಸಡಿಲ ಇಲ್ಲ, ಟೈರು ಒಡೆದಿಲ್ಲ, ಕಾಗದ ಪತ್ರ ಸರಿ ಇದೆ ಅಂತಾದರೆ ಒಂದು ತಿಂಗಳು ಸುಮ್ನೆ ಓಡಿಸಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ತಿರುವಿನಲ್ಲಿ ಟಕ್ ಟಕ್ ಅಂದರೆ ಮುಂದಿನ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಜಾಯಿಂಟ್. ಗುಂಡಿಗೆ ಬಿದ್ದಾಗ ದಡ್ ಅಂದರೆ ಬುಷ್ ಅಥವಾ ಶಾಕ್ ಅಬ್ಸಾರ್ಬರ್. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಒಂದೊಂದಕ್ಕೂ ತಾರೀಖು ಹಾಕಿ.

ಅದೇ ತಿಂಗಳಲ್ಲಿ ಕಂಪ್ರೆಷನ್ ನೋಡಿ. ಎಂಜಿನ್ ಬಿಸಿ ಇರಲಿ, ಮೂರೂ ಪ್ಲಗ್ ತೆಗೆಯಿರಿ, ಕಿಡಿ ಬಾರದ ಹಾಗೆ ಇಗ್ನಿಷನ್ ಕನೆಕ್ಷನ್ ತೆಗೆದಿಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಮೂರು ಸಿಲಿಂಡರ್ ನಡುವೆ ಗೇಜಿನಲ್ಲಿ ಒಂದು ಕೆಜಿಗಿಂತ (ಚದರ ಸೆಂಟಿಮೀಟರಿಗೆ) ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಈ ತಿಂಗಳ ನೋಟ್‌ಬುಕ್ಕೇ ಮುಂದಿನ ಆರು ತಿಂಗಳ ಕೆಲಸದ ಪಟ್ಟಿ. ಒಂದು ನಿಯಮ ಇಟ್ಟುಕೊಳ್ಳಿ: ಒಂದು ಸಲಕ್ಕೆ ಒಂದೇ ಕೆಲಸ ಬಿಚ್ಚಬೇಕು, ಅದು ಮುಗಿದು ಕಾರು ಓಡಿದ ಮೇಲೆಯೇ ಮುಂದಿನದು. ಓಡುವ ಕಾರಿನ ಕೆಲಸ ಅರ್ಧಕ್ಕೆ ನಿಲ್ಲುವುದು ಅಪರೂಪ.

6. ತುಕ್ಕು

ಇದಕ್ಕೆ ಬೇಸಗೆಯೇ ಸರಿ. ಮಾರ್ಚ್‌ನಲ್ಲಿ ಶುರು ಮಾಡಿದರೆ ಜೂನ್ ಒಳಗೆ ಮುಗಿಯುತ್ತದೆ. ನಾನು ವೆಲ್ಡಿಂಗ್‌ನವರನ್ನು ಕರೆದು ತಂದಾಗ ಅವರು ಕಾರಿನ ಸುತ್ತ ಒಂದು ಸುತ್ತು ಬಂದು, "ಕಾರ್ಪೆಟ್ ತೆಗೀರಿ ಸಾರ್, ಆಮೇಲೆ ರೇಟು ಮಾತಾಡೋಣ" ಅಂದರು. ಕಾರ್ಪೆಟ್ ಕೆಳಗೆ ಡಾಂಬರಿನಂಥ ಹಾಳೆ ಅಂಟಿತ್ತು. ಅದನ್ನು ಎಬ್ಬಿಸಿದರೆ ಎರಡು ಅಂಗೈ ಅಗಲದ ನೆಲ ಹಾಳೆಗೇ ಅಂಟಿಕೊಂಡು ಬಂತು, ಕೆಳಗೆ ಶೆಡ್ಡಿನ ಸಿಮೆಂಟ್ ಕಾಣಿಸಿತು. ಹೊರಗಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಯಾಕಂದ್ರೆ ಹಿಂದೆ ಯಾರೋ ಕೆಳಗಿಂದ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಳಿದಿದ್ದರು. ತುಕ್ಕಿನ ಮೇಲೆ ಕೋಟಿಂಗ್ ಬಳಿದರೆ ನೀರು ಒಳಗೇ ಉಳಿದು ಇನ್ನೂ ಬೇಗ ತಿನ್ನುತ್ತದೆ. ಫೈಬರ್, ಪುಟ್ಟಿ ಕಥೆಯೂ ಅದೇ.

ಸರದಿ ಹೀಗಿರಲಿ. ಸೀಟು, ಕಾರ್ಪೆಟ್, ಆ ಬದಿಯ ವೈರಿಂಗ್ ಸರಿಸಿ. ತುಕ್ಕು ಇರುವಷ್ಟನ್ನೂ, ಹೊಳೆಯುವ ಲೋಹ ಸಿಗುವವರೆಗೆ, ಕತ್ತರಿಸಿ ತೆಗೆಯಿರಿ. ತೂತಿನ ಅಂಚಿಗೆ ಸುಮ್ಮನೆ ತಗಡು ಮುಚ್ಚಬೇಡಿ. ರಟ್ಟಿನಲ್ಲಿ ಅಳತೆ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ 1 ಅಥವಾ 1.2 ಎಂಎಂ ತಗಡಿಗೆ ಗೀಚಿ. ಆರ್ಕ್ ವೆಲ್ಡಿಂಗ್ ಬೇಡ, ಈ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ಸಿಒಟು ವೆಲ್ಡಿಂಗ್ ಇರುವವರನ್ನೇ ಹುಡುಕಿ. ಚುಕ್ಕೆ ಚುಕ್ಕೆಯಾಗಿ, ಒಂದು ಇಲ್ಲಿ ಒಂದು ಎದುರು ಬದಿಗೆ ಹಾಕುತ್ತಾ ಹೋಗಬೇಕು. ಒಂದೇ ಎಳೆತಕ್ಕೆ ಉದ್ದಕ್ಕೂ ಹಾಕಿದರೆ ತಗಡು ಅಲೆ ಅಲೆಯಾಗಿ ತಿರುಚುತ್ತದೆ.

ಎರಡೂ ಬದಿಯ ರನ್ನಿಂಗ್ ಬೋರ್ಡನ್ನು ಒಟ್ಟಿಗೆ ಕತ್ತರಿಸಬೇಡಿ. ಬಾಡಿ ನಡುವೆ ಬಗ್ಗಿಬಿಡುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿ, ಬಾಗಿಲು ಹಾಕಿ ನೋಡಿ, ಆಮೇಲೆ ಇನ್ನೊಂದು.

ವೆಲ್ಡಿಂಗ್ ದಿನದ ಎಚ್ಚರಿಕೆಗಳನ್ನು ದಯವಿಟ್ಟು ಹಗುರ ಮಾಡಬೇಡಿ. ಬ್ಯಾಟರಿ ಮತ್ತು ಆಲ್ಟರ್‌ನೇಟರ್ ಕನೆಕ್ಷನ್ ತೆಗೆಯಿರಿ, ಎಂಪಿಎಫ್‌ಐ ಆದರೆ ಇಸಿಯು (ಎಂಜಿನ್‌ನ ಕಂಪ್ಯೂಟರ್) ಪ್ಲಗ್ ಕೂಡ. ಹಿಂಬದಿ ಕೆಲಸ ಇದ್ದರೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದ ದೂರ ಇಡಿ. ಖಾಲಿ ಟ್ಯಾಂಕ್ ಸುರಕ್ಷಿತ ಅಂತ ಅನೇಕರು ನಂಬಿದ್ದಾರೆ, ತಪ್ಪು. ಒಳಗೆ ಉಳಿದ ಆವಿಯೇ ಸಿಡಿಯುವುದು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಒಬ್ಬರು ಅಲ್ಲೇ ಕೂತು ನೋಡುತ್ತಿರಬೇಕು. ಸೀಟಿನ ಸ್ಪಂಜು, ವೈರಿನ ಟೇಪು ಒಳಗೊಳಗೇ ಹೊಗೆಯಾಡಿ ತಡವಾಗಿ ಹೊತ್ತಿಕೊಳ್ಳುತ್ತದೆ.

ಆಮೇಲೆ ಜಿಂಕ್ ಪ್ರೈಮರ್, ಜೋಡಣೆಗೆ ಸೀಮ್ ಸೀಲರ್, ಬಣ್ಣ, ಕೊನೆಗೆ ಕೋಟಿಂಗ್. ಬಾಗಿಲು ಮತ್ತು ರನ್ನಿಂಗ್ ಬೋರ್ಡ್ ಕೆಳಗೆ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಅವನ್ನು ಕೋಟಿಂಗ್‌ನಲ್ಲಿ ಮುಚ್ಚಿಬಿಡುವುದು ಎಲ್ಲರೂ ಮಾಡುವ ತಪ್ಪು. ಒಂದು ತಂತಿ ತೂರಿಸಿ ಎಲ್ಲವೂ ತೆರೆದಿವೆಯಾ ನೋಡಿ.

7. ಬ್ರೇಕು: ಉಳಿದೆಲ್ಲಕ್ಕಿಂತ ಮುಂಚೆ

ತುಕ್ಕು ಬಿಟ್ಟರೆ ಮೊದಲ ದುಡ್ಡು ಇಲ್ಲಿಗೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಮುಂದಿನ ಡಿಸ್ಕ್, ಹಿಂದಿನ ಡ್ರಮ್ ಎರಡೂ ಮೂಲ ಸ್ಥಿತಿಗೆ ಬಂದರೆ ಇಷ್ಟು ಹಗುರದ ಕಾರಿಗೆ ಧಾರಾಳ ಸಾಕು. ದೊಡ್ಡ ಕಾರಿನ ಬ್ರೇಕ್ ತಂದು ಕೂರಿಸುವ ಗೋಜಿಗೆ ಹೋಗಬೇಡಿ. ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವ ಹಿಡಿತದ ಲೆಕ್ಕ ತಪ್ಪಿದರೆ ಮಳೆಯಲ್ಲಿ ಕಾರು ತಿರುಗಿ ನಿಲ್ಲುತ್ತದೆ.

ಮುಂದೆ ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಬಿಚ್ಚಿ ತೊಳೆದು, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆದರೆ ಹೆಚ್ಚಾಗಿ ಈ ಪಿನ್ ಹಿಡಿದಿರುತ್ತದೆ. ಹಿಂದಿನ ಡ್ರಮ್ ತೆಗೆದಾಗ ಒಳಗೆ ಒದ್ದೆ ಕಂಡರೆ ವೀಲ್ ಸಿಲಿಂಡರ್ ಸೋರುತ್ತಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಗಾಳಿ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರದಿದ್ದರೆ, ಮಾಸ್ಟರ್ ಸಿಲಿಂಡರ್‌ನ ಒಳ ರಬ್ಬರ್ ಹೋಗಿದೆ. ಅಂಥ ಕಾರನ್ನು ಗ್ಯಾರೇಜಿಗೆ ಕೂಡ ಓಡಿಸಿಕೊಂಡು ಹೋಗಬೇಡಿ.

ನೆಲದ ಕೆಳಗೆ ಹೋಗುವ ಬ್ರೇಕ್ ಪೈಪನ್ನು ಕ್ಲಿಪ್ ಹಿಡಿದಿರುವ ಕಡೆ ಬೆರಳಿನಲ್ಲಿ ಮುಟ್ಟಿ ನೋಡಿ. ತುಕ್ಕು ಶುರುವಾಗುವುದು ಅಲ್ಲೇ. ಒರಟಾಗಿದ್ದರೆ ಪೂರ್ತಿ ಪೈಪ್ ಬದಲಿಸಿ. ತುಂಡರಿಸಿ ನಡುವೆ ಪೆಟ್ರೋಲ್ ಪೈಪ್ ಸೇರಿಸಿ ಕ್ಲಾಂಪ್ ಹಾಕಿದ ಕಾರನ್ನು ನಾನೇ ನೋಡಿದ್ದೇನೆ. ಒಂದು ಜೋರು ಬ್ರೇಕಿಗೆ ಅದು ಕಿತ್ತುಬರುತ್ತದೆ.

ಆಯಿಲ್ ಹಳೆಯದನ್ನೆಲ್ಲ ತೆಗೆದು ಹೊಸದು ಹಾಕಿ, ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಗಾಳಿ ತೆಗೆಯುತ್ತಾ ಬನ್ನಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಉದ್ದದ ಘಾಟಿಯಲ್ಲಿ ಆ ನೀರು ಕುದಿದು ಆವಿಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

8. ಸಸ್ಪೆನ್ಷನ್ ಮತ್ತು ಟೈರು

ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದು ಒಂದು ಕಡೆ. ಸ್ಪ್ರಿಂಗ್ ಮೇಲೆ ದಪ್ಪ ತುಂಡು ಕೊಟ್ಟು ಎರಡು ಇಂಚು ಎತ್ತರಿಸುವುದು ಇನ್ನೊಂದು ಕಡೆ. ಎರಡೂ ಬೇಡ. ಗ್ಯಾಸ್ ಕಟರ್ ತಾಗಿದ ಸ್ಪ್ರಿಂಗ್ ಹದ ಕಳೆದುಕೊಳ್ಳುತ್ತದೆ. ಎತ್ತರಿಸಿದರೆ ಮುಂದಿನ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗಿ, ಜಾಯಿಂಟ್ ಮುಚ್ಚುವ ರಬ್ಬರ್ ಬೂಟು ಹರಿದು, ಕೆಸರು ಒಳಗೆ ಹೋಗಿ, ಜಾಯಿಂಟ್ ಹಾಳು.

ಮಾಡಬೇಕಾದ್ದು: ನಾಲ್ಕೂ ಹೊಸ ಶಾಕ್ ಅಬ್ಸಾರ್ಬರ್, ಎಲ್ಲ ರಬ್ಬರ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್. ಹಿಂದಿನ ಸ್ಪ್ರಿಂಗ್ ಕುಸಿದಿದ್ದರೆ ಜೋಡಿಯಾಗಿ ಹೊಸದು. ಮುಂದಿನ ಸ್ಪ್ರಿಂಗ್ ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈ ಹಾಕಬೇಡಿ. ಹಗ್ಗ, ತಂತಿ ಕಟ್ಟಿ ಬಿಚ್ಚುವವರಿದ್ದಾರೆ. ಅದು ಹಾರಿದರೆ ದವಡೆ ಮುರಿಯುತ್ತದೆ.

ಈಗ ತುಂಬಾ ಜನ ಮಾಡುವ ತಪ್ಪು. ಹೊಸ ಬುಷ್ ಹಾಕಿ, ಕಾರು ಇನ್ನೂ ಸ್ಟ್ಯಾಂಡ್ ಮೇಲಿರುವಾಗಲೇ, ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಮಾಡಿಬಿಡುತ್ತಾರೆ. ಕಾರು ಕೆಳಗಿಳಿದ ತಕ್ಷಣ ಆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಆರು ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಬುಷ್ ಡೂಪ್ಲಿಕೇಟ್ ಅಂತ ಅಂಗಡಿಯವರಿಗೆ ಬೈಯುತ್ತಾರೆ. ಮೇಲಿದ್ದಾಗ ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ಇಳಿಸಿ, ಎರಡು ಸಲ ಒತ್ತಿ ಕುಲುಕಿಸಿ, ಭಾರ ಕೂತ ಮೇಲೆ ಪೂರ್ತಿ ಬಿಗಿ ಮಾಡಿ.

ಟೈರಿನ ಲೆಕ್ಕ ಹೇಳುತ್ತೇನೆ. ಮೂಲ ಅಳತೆ 145/70 ಆರ್12, ಅಂದರೆ ಅಗಲ 145 ಎಂಎಂ, ಟೈರಿನ ಪಕ್ಕದ ಗೋಡೆ ಅದರ ಶೇಕಡಾ 70, ರಿಮ್ 12 ಇಂಚು. ಅದರ ಎತ್ತರ ಸುಮಾರು 508 ಎಂಎಂ. ಅದೇ ರಿಮ್ಮಿಗೆ 145/80 ಆರ್12 ಟೈರು ಸಿಗುತ್ತದೆ, ಎತ್ತರ ಸುಮಾರು 537. ಅಂದರೆ ಅಗಲ ಬದಲಾಗದೆ, ರಿಮ್ ಬದಲಾಗದೆ, ಕಾರು ನೆಲದಿಂದ 14 ಎಂಎಂ ಮೇಲೆ ಬರುತ್ತದೆ, ಗೋಡೆ ಎತ್ತರ ಇರುವುದರಿಂದ ಗುಂಡಿಯ ಪೆಟ್ಟೂ ಕಡಿಮೆ. ಬದಲಿಗೆ ಕೊಡಬೇಕಾದ್ದೂ ಇದೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು 63ರಲ್ಲಿರುತ್ತೀರಿ. ಏರಿನಲ್ಲಿ ಎಳೆತ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಮತ್ತು ಇಷ್ಟು ಸಣ್ಣ ಎಂಜಿನ್‌ಗೆ ಅದು ಎರಡು ಚೀಲ ಹಾಕಿದಾಗ ಗೊತ್ತಾಗುತ್ತದೆ. ನಾನು ಒಪ್ಪಿಕೊಂಡೆ. ನೀವು ಪೇಟೆಯಲ್ಲೇ ಓಡಿಸುವವರಾದರೆ ಮೂಲ ಅಳತೆಯೇ ಒಳ್ಳೆಯದು. ಬದಲಿಸುವುದಾದರೆ ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ.

ಟೈರು ತಾಗುತ್ತದಾ ಅಂತ ನೋಡಲು ಸುಲಭದ ದಾರಿ: ಟೈರಿನ ಅಂಚಿಗೆ ಕಲಸಿದ ಸುಣ್ಣ ಹಚ್ಚಿ. ಹಿಂದೆ ಇಬ್ಬರನ್ನು ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಿಧಾನಕ್ಕೆ ಒಂದು ಉಬ್ಬು ಹತ್ತಿಸಿ ಇಳಿಸಿ. ಒಳಗಿನ ತಗಡಿನ ಮೇಲೆ ಬಿಳಿ ಗುರುತು ಬಿದ್ದರೆ ತಾಗುತ್ತಿದೆ. ಆ ಟೈರು ನಿಮ್ಮ ಕಾರಿಗೆ ಆಗುವುದಿಲ್ಲ. ತಗಡು ಬಡಿದು ಜಾಗ ಮಾಡಲು ಹೋಗಬೇಡಿ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್.

9. ಎಂಜಿನ್: ಕಡಿಮೆ ಮಾಡಿ

ಪವರ್ ಹೆಚ್ಚಿಸಲು ಏನೂ ಮಾಡಬೇಡಿ. 796 ಸಿಸಿಯ ಈ ಎಂಜಿನ್ ತಂಪಾಗಿದ್ದರೆ ದೀರ್ಘಕಾಲ ಬಾಳುತ್ತದೆ, ಬಿಸಿಯಾದರೆ ಅಲ್ಯೂಮಿನಿಯಂ ಹೆಡ್ ಬಗ್ಗಿ ಗ್ಯಾಸ್ಕೆಟ್ ಹೋಗುತ್ತದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಇವತ್ತೇ ಬದಲಿಸಿ, ಟೆನ್ಷನರ್ ಜೊತೆಗೆ. ರೇಡಿಯೇಟರ್ ಒಳಗಿಂದ ತೊಳೆಸಿ, ಹೊಸ ಮುಚ್ಚಳ, ಹೊಸ ಪೈಪು, ಸರಿಯಾದ ಕೂಲಂಟ್. ಬರೀ ನೀರು ಬೇಡ. ಥರ್ಮೋಸ್ಟಾಟ್ ಕಿತ್ತು ಬಿಸಾಡಿದರೆ ತಂಪಾಗಿರುತ್ತದೆ ಅಂತ ಹೇಳುವ ಮೆಕ್ಯಾನಿಕ್ ಮಾತು ಕೇಳಬೇಡಿ, ಎಂಜಿನ್ ಹದದ ಬಿಸಿಗೆ ಬರದೆ ಪೆಟ್ರೋಲ್ ಕುಡಿಯುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿ, ಫ್ಯಾನ್ ತಾನಾಗಿ ಶುರುವಾಗುತ್ತದಾ ನೋಡಿ. ಕೂಲಂಟ್ ಮೇಲೆ ಎಣ್ಣೆ ತೇಲಿದರೆ, ಅಥವಾ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದರೆ, ನಿಲ್ಲಿಸಿ.

10. ಹೆಡ್‌ಲೈಟು

ಈ ಕಾರಿನಲ್ಲಿ ನಾನು ಮಾಡಿದ ಎಲ್ಲ ಬದಲಾವಣೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಖರ್ಚು ಒಂದು ಟೈರಿನಷ್ಟೂ ಇಲ್ಲ.

ಎಂಜಿನ್ ಓಡುತ್ತಿರಲಿ, ಲೈಟ್ ಹಾಕಿ. ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ನನ್ನ ಕಾರಿನಲ್ಲಿ 13.9 ವೋಲ್ಟ್ ಇತ್ತು. ಬಲ್ಬಿನ ಹಿಂದೆ ಹಿಡಿದರೆ 11.6. ಹಳೆ ವೈರು, ಸವೆದ ಸ್ವಿಚ್ಚು ಸೇರಿ ಎರಡು ವೋಲ್ಟ್‌ಗಿಂತ ಜಾಸ್ತಿ ತಿಂದುಹಾಕಿದ್ದವು. ವೋಲ್ಟೇಜು ಸ್ವಲ್ಪ ಇಳಿದರೂ ಈ ಬಲ್ಬಿನ ಬೆಳಕು ಬಹಳ ಇಳಿಯುತ್ತದೆ. ಲೆಕ್ಕ ಹಾಕಿದರೆ ನನಗೆ ಸಿಗುತ್ತಿದ್ದದ್ದು ಅರ್ಧ ಬೆಳಕು. ಇಂಥ ಕಡೆ ಜನ 90/100 ವ್ಯಾಟ್ ಬಲ್ಬ್ ಹಾಕುತ್ತಾರೆ. ಆಗ ವೈರು, ಹೋಲ್ಡರ್ ಕರಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ, ಬೆಳಕು ಮಾತ್ರ ಅಷ್ಟೇನೂ ಏರುವುದಿಲ್ಲ.

60/55 ವ್ಯಾಟ್ ಬಲ್ಬೇ ಇರಲಿ. ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ತನ್ನಿ, ಡಿಮ್ಮಿಗೊಂದು ಬ್ರೈಟಿಗೊಂದು. ಅದರ ಕಾಲುಗಳ ಮೇಲೆ ನಂಬರ್ ಇರುತ್ತದೆ. ಬ್ಯಾಟರಿಯಿಂದ 2.5 ಚದರ ಎಂಎಂ ವೈರು, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇಯ 30ನೇ ಕಾಲಿಗೆ. 87ರಿಂದ ಬಲ್ಬಿಗೆ. ಬಲ್ಬಿನ ಇನ್ನೊಂದು ತುದಿಯ ಅರ್ತ್ ಕೂಡ ಅಷ್ಟೇ ದಪ್ಪದ ಹೊಸ ವೈರು. ಹಳೆ ಸ್ವಿಚ್ ಈಗ 85, 86 ನಡುವಿನ ಸಣ್ಣ ಸುರುಳಿಯನ್ನಷ್ಟೇ ಓಡಿಸುತ್ತದೆ.

ಕೈ ಹಾಕುವ ಮೊದಲು ಒಂದು ಪರೀಕ್ಷೆ. ಕೆಲವು ಕಾರುಗಳಲ್ಲಿ ಸ್ವಿಚ್ ಪ್ಲಸ್ ಕೊಡುತ್ತದೆ, ಕೆಲವದರಲ್ಲಿ ಅರ್ತ್ ಕೊಡುತ್ತದೆ. ಬಲ್ಬಿನ ಪ್ಲಗ್ ಕಿತ್ತು, ಲೈಟ್ ಹಾಕಿ, ಮೂರು ಕಾಲನ್ನೂ ಬಾಡಿಗೆ ಹಿಡಿದು ಅಳೆಯಿರಿ. ಡಿಮ್ ಬ್ರೈಟ್ ಬದಲಿಸಿದಾಗ ವೋಲ್ಟೇಜು ಒಂದು ಕಾಲಿನಿಂದ ಇನ್ನೊಂದಕ್ಕೆ ಹೋದರೆ ಪ್ಲಸ್ ಸ್ವಿಚ್. ಏನು ಮಾಡಿದರೂ ಒಂದೇ ಕಾಲಿನಲ್ಲಿ 12 ನಿಂತಿದ್ದರೆ ಅರ್ತ್ ಸ್ವಿಚ್, ಆಗ 86ಕ್ಕೆ ಆ ಪ್ಲಸ್, 85ಕ್ಕೆ ಸ್ವಿಚ್ಚಿನಿಂದ ಬರುವ ವೈರು. ಇದನ್ನು ನೋಡದೆ ಸಿಕ್ಕಿದ ಚಿತ್ರ ನೋಡಿ ಜೋಡಿಸಿದವರೇ "ರಿಲೇ ಹಾಕಿದೆ, ಲೈಟೇ ಹತ್ತುತ್ತಿಲ್ಲ" ಅಂತ ಫೋನ್ ಮಾಡುವುದು.

ಮುಗಿದ ಮೇಲೆ ನನ್ನ ಬಲ್ಬಿನಲ್ಲಿ 13.5 ಬಂತು. ಆ ರಾತ್ರಿ ತೋಟದ ತಿರುವಿನ ಧರೆ ಮೇಲಿನ ಜರಿಗಿಡದ ಎಲೆ ಎಲೆ ಕಾಣಿಸಿತು. ಹತ್ತು ನಿಮಿಷ ಲೈಟ್ ಉರಿದ ಮೇಲೆ ಫ್ಯೂಸ್ ಹೋಲ್ಡರ್, ರಿಲೇ ಕಾಲುಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಸುಟ್ಟರೆ ವೈರಿನ ತುದಿಗೆ ಒತ್ತಿ ಕೂರಿಸಿದ ಕ್ರಿಂಪ್ ಸಡಿಲ ಇದೆ.

11. ಎಂಜಿನ್ ಕೆಳಗಿನ ತಗಡು

3 ಎಂಎಂ ಕಬ್ಬಿಣದ ತಗಡು, ಎರಡಡಿಗೆ ಎರಡಡಿ, ತೂಕ ಸುಮಾರು ಎಂಟೂಮುಕ್ಕಾಲು ಕೆಜಿ. ಇದಕ್ಕಿಂತ ದಪ್ಪ ಬೇಡ, ಮೂಗು ಭಾರವಾಗುತ್ತದೆ. ಬಾಡಿಯ ಗಟ್ಟಿ ಜಾಗಕ್ಕೆ ಬೋಲ್ಟ್ ಹಾಕಿ, ಎಂಜಿನ್‌ಗೆ ಅಥವಾ ಗೇರ್‌ಬಾಕ್ಸ್‌ಗೆ ಕಟ್ಟಬೇಡಿ. ಎಂಜಿನ್ ಅಲುಗಾಡುತ್ತದೆ, ಬೋಲ್ಟ್ ಕಿತ್ತುಬರುತ್ತದೆ. ಎಂಜಿನ್ ಆಯಿಲ್ ನಿಲ್ಲುವ ಸಂಪಿಗೂ ತಗಡಿಗೂ ನಡುವೆ ಒಂದು ಇಂಚು ಜಾಗ ಬಿಡಿ. ಆಯಿಲ್ ಇಳಿಸಲು ಒಂದು ತೂತು, ಗಾಳಿಗೆ ಮತ್ತು ಕೆಸರು ಬೀಳಲು ಇನ್ನಷ್ಟು. ಹಾಕಿದ ಮೇಲೆ ಟೆಂಪರೇಚರ್ ಮುಳ್ಳು ಮೊದಲಿಗಿಂತ ಮೇಲೆ ನಿಂತರೆ ತೂತು ಸಾಲದು.

12. ರಸ್ತೆಗೆ

ಮೊದಲ ದಿನ ಮನೆ ಸುತ್ತ ಐದು ಕಿಲೋಮೀಟರ್, ಒಬ್ಬರೇ. ವಾಪಸ್ ಬಂದು ಚಕ್ರದ ನಟ್ಟು ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿ, ನಾಲ್ಕು ಚಕ್ರದ ಮಧ್ಯಭಾಗ ಕೈಯಿಂದ ಮುಟ್ಟದೆ ಹತ್ತಿರ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಬ್ರೇಕ್ ಬಿಡುತ್ತಿಲ್ಲ. ಆಮೇಲೆ 50 ಕಿಲೋಮೀಟರ್. ಆಮೇಲೆ ಖಾಲಿ ಕಾರಿನಲ್ಲಿ ಘಾಟಿ, ಎರಡನೇ ಗೇರಿನಲ್ಲಿ ಇಳಿಯಿರಿ. ಕೊನೆಗೆ ಚೀಲ ಹಾಕಿ. 500 ಕಿಲೋಮೀಟರ್ ಆದ ಮೇಲೆ ಸಸ್ಪೆನ್ಷನ್ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ನೋಡಿ, ಪ್ರತಿಯೊಂದರ ಮೇಲೂ ಬಣ್ಣದ ಒಂದು ಗೆರೆ ಎಳೆಯಿರಿ. ಮುಂದೆ ಸಡಿಲವಾದರೆ ಗೆರೆ ಮುರಿದಿರುತ್ತದೆ, ಬಗ್ಗಿ ನೋಡಿದರೆ ಸಾಕು.

ನನ್ನ ಕಾರಿನಲ್ಲಿ ಮೊದಲ 500ರ ನಂತರ ಎಳೆದ ಗೆರೆಗಳಲ್ಲಿ ಆಮೇಲೆ ಎರಡು ಮುರಿದಿದ್ದವು, ಎರಡೂ ಹಿಂದಿನ ಎಡ ಬದಿಯವು. ಬಿಗಿ ಮಾಡಿ ಹೊಸ ಗೆರೆ ಎಳೆದೆ. ಈಗ ಪ್ರತಿ ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ಟಾರ್ಚ್ ಹಿಡಿದು ಒಂದು ಸಲ ಕೆಳಗೆ ಹೋಗಿ ಬರುತ್ತೇನೆ.